ಮಾತಾಡುವ ಪೆಟ್ಟಿಗೆ ಮತ್ತು ನಮ್ಮ ಮಾವ

ಮೊನ್ನೆ ಪುತ್ತೂರಿನ ಹೊಸ ಬಟ್ಟೆ ಅಂಗಡಿಯೊಂದರ ಲಿಫ್ಟಿನಲ್ಲಿ ಸೊಸೆಯ ಜತೆ ನಿಂತಿದ್ದೆ. ಗುಂಡಿ ಒತ್ತಿದ ಕೂಡಲೇ ಮೇಲಿನಿಂದ ಹೆಣ್ಣು ದನಿಯೊಂದು, ಬಾಗಿಲು ಮುಚ್ಚುತ್ತಿದೆ ಎಂದು ಇಂಗ್ಲಿಷಿನಲ್ಲಿ ತಿಳಿಸಿತು. ನಾನು "ಆಯ್ತು" ಎಂದೆ. ಯಾರಾದರೂ ಏನನ್ನಾದರೂ ತಿಳಿಸಿದರೆ ಉತ್ತರ ಕೊಡದಿರುವುದು ನನ್ನಿಂದಾಗದು.

ಸೊಸೆ ನಕ್ಕಳು. "ಅದು ಮೆಷಿನ್ ಅತ್ತೆ. ಅದಕ್ಕೆಲ್ಲ ಉತ್ತರ ಕೊಡುದಾ?"

"ಮೆಷಿನಿನ ಜತೆ ಮಾತಾಡುದು ನನಗೆ ಹೊಸದಲ್ಲ ಮಾರಾಯ್ತಿ. ನಾನು ಈ ಮನೆಗೆ ಬಂದಾಗ ಮೊದಲು ಸರಿಯಾಗಿ ಮಾತಾಡಿದ್ದೇ ಒಂದು ಮೆಷಿನಿನ ಜತೆ" ಎಂದೆ. ಹಾಗೆಂದ ಮೇಲೆ ಕಥೆಯನ್ನು ಹೇಳದೆ ಇರಲಾಗುತ್ತದೆಯೇ? ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಿಮಗೆ ಸೀರೆ ಆರಿಸುವ ಅವಸರವಿಲ್ಲದ ಕಾರಣ ಸ್ವಲ್ಪ ನಿಧಾನವಾಗಿಯೇ ಹೇಳಬಹುದು.

ನಾನು ಸುಳ್ಯ ಕಡೆಯ ಐವರ್ನಾಡಿನಿಂದ ಪುತ್ತೂರಿನ ಹತ್ತಿರದ ಕುಂಬ್ರಕ್ಕೆ ಮದುವೆಯಾಗಿ ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ. ಜಂಕ್ಷನ್ನಿನಲ್ಲಿ ಮಾವನವರ ದಿನಸಿ ಅಂಗಡಿ. ಅಂಗಡಿಯ ಹಿಂದಿನ ಬಾಗಿಲು ದಾಟಿದರೆ ಮನೆ. ತವರಿನಲ್ಲಿ ನಮ್ಮದು ಅರೆಭಾಷೆ, ಇಲ್ಲಿಯವರದು ತುಳು. ನನಗೆ ತುಳು ಬರುತ್ತಿತ್ತು, ಆದರೆ ಬಂದದ್ದನ್ನು ಕೇಳಿದವರು ನಗುತ್ತಿದ್ದರು. ಹಾಗಾಗಿ ಮಾವ ನನ್ನೊಡನೆ ಕನ್ನಡವನ್ನೇ ಬಳಸುತ್ತಿದ್ದರು, ಬ್ಯಾಂಕಿನ ಮ್ಯಾನೇಜರರ ಹತ್ತಿರ ಮಾತಾಡುವಷ್ಟು ಎಚ್ಚರಿಕೆಯಿಂದ. ಆ ಕನ್ನಡವೂ "ನೀರು ಬಿಸಿ ಉಂಟಾ?", "ಪೇಪರ್ ಬಂತಾ?" ಎಂಬಲ್ಲಿಗೆ ಮುಗಿಯುತ್ತಿತ್ತು. ಸೊಸೆಯ ಜತೆ ಹರಟೆ ಹೊಡೆಯುವ ಮಾವಂದಿರು ಆ ಕಾಲದಲ್ಲಿ ಇರಲಿಲ್ಲ. ನಾನು ಬಿ.ಎ. ಮಾಡಿದವಳು, ಬಾಯಿ ಸುಮ್ಮನಿರುವುದಿಲ್ಲ. ಗಂಡ ಬೆಳಗ್ಗಿನ ಬಸ್ಸಿಗೆ ಪುತ್ತೂರಿನ ಶಾಲೆಯ ಕೆಲಸಕ್ಕೆ ಹೋದರೆ ಸಂಜೆಯವರೆಗೆ ನಾನು ಬಾಯಿಗೆ ಬೀಗ ಹಾಕಿಕೊಂಡು ಕಾಯಿ ತುರಿಯುತ್ತಿದ್ದೆ.

ಮಾವನವರಿಗೆ ಚದುರಂಗದ ಹುಚ್ಚು. ಮಧ್ಯಾಹ್ನ ಎರಡು ಬಸ್ಸುಗಳ ನಡುವಿನ ಹೊತ್ತಿನಲ್ಲಿ ಅಕ್ಕಿಮೂಟೆಯ ಮೇಲೆ ಮಣೆ ಇಟ್ಟರೆ ಅಂಗಡಿ ಅತ್ತೆಯ ಪಾಲಿಗೆ. ಎದುರಾಳಿ ಕಬಕದ ಮಾಷ್ಟ್ರು, ನಿವೃತ್ತರು, ಬರೇ ಆಟಕ್ಕಾಗಿ ಎರಡು ಬಸ್ಸು ಬದಲಿಸಿ ಬರುತ್ತಿದ್ದವರು. ಮಾವ ಯಾವತ್ತೂ ಸೋತವರಲ್ಲ ಎಂದು ಊರಿಡೀ ಪ್ರಸಿದ್ಧಿ. ಇದು ಹೇಗೆಂದು ಕೆಲವು ದಿನ ಅಡುಗೆಮನೆಯ ಬಾಗಿಲಿನಿಂದ ನೋಡಿದ ಮೇಲೆ ನನಗೆ ತಿಳಿಯಿತು. ಆಟ ಕೈತಪ್ಪುವ ಸೂಚನೆ ಕಂಡ ಕೂಡಲೇ ಅವರು ರಸ್ತೆ ಕಡೆ ನೋಡಿ "ಬಸ್ಸು ಬಂತು" ಎಂದು ಎದ್ದುಬಿಡುತ್ತಿದ್ದರು. ಬಸ್ಸು ಬಾರದಿದ್ದರೆ "ನಾಳೆ ಮುಂದುವರಿಸುವ" ಎಂದು ಮಣೆಯ ಮೇಲೆ ಅಕ್ಕಿ ಗೇರುವ ಗೆರಸೆ ಮುಚ್ಚುತ್ತಿದ್ದರು. ಮರುದಿನ ನೋಡಿದರೆ ಕಾಯಿಗಳೆಲ್ಲ ಚೆಲ್ಲಾಪಿಲ್ಲಿ, ಬೆಕ್ಕಿನ ಮೇಲೆ ಆರೋಪ.

"ನಿಮ್ಮ ಬೆಕ್ಕಿಗೆ ನಾನು ಗೆಲ್ಲುವ ದಿನವೇ ಚದುರಂಗ ಆಡ್ಬೇಕು ಅಂತ ಆಗುದಾ ಮಾರಾಯ್ರೆ?" ಎಂದು ಮಾಷ್ಟ್ರು ಕೇಳುತ್ತಿದ್ದರು.

ಆಟದಲ್ಲಿ ಮಾತ್ರ ಹೀಗೆ ಎಂದುಕೊಳ್ಳಬೇಡಿ. ಹಿತ್ತಿಲಲ್ಲಿ ಒಂದು ಬಾವಿ ಇತ್ತು. ಅತ್ತೆ ಬೇಡವೆಂದ ಜಾಗದಲ್ಲೇ ಮಾವ ತೋಡಿಸಿದ್ದು, ಬೇಸಗೆ ಬರುವ ಮೊದಲೇ ಬತ್ತುತ್ತಿತ್ತು. ಕೇಳಿದರೆ "ಅದು ಮಳೆಗಾಲಕ್ಕೆ ಅಂತಲೇ ತೋಡಿದ್ದು" ಎನ್ನುತ್ತಿದ್ದರು. ಸೋತೆ, ತಪ್ಪಿದೆ ಎಂಬ ಶಬ್ದಗಳು ಅವರ ಬಾಯಲ್ಲಿ ಬರುವುದನ್ನು ಮದುವೆಯಾದಾಗಿನಿಂದ ತಾನು ಕೇಳಿಲ್ಲವೆಂದು ಅತ್ತೆ ಕೊಡಪಾನ ಹೊತ್ತು ಪಕ್ಕದ ಮನೆಯ ಬಾವಿಗೆ ಹೋಗುವಾಗೆಲ್ಲ ನನಗೆ ಹೇಳುತ್ತಿದ್ದರು.

ಇಂಥ ಮನೆಗೆ ಆ ಪೆಟ್ಟಿಗೆ ಬಂತು. ತಂದವರು ನನ್ನ ಗಂಡನ ಭಾವ, ಗಲ್ಫಿನಲ್ಲಿದ್ದವರು. ರಜೆಯಲ್ಲಿ ಬರುವಾಗ ಟೇಪ್ ರೆಕಾರ್ಡರ್ ತರುತ್ತಾರೆಂದು ಅತ್ತೆ ಅದಕ್ಕೆ ಜಾಗವನ್ನೂ ಮಾಡಿಟ್ಟಿದ್ದರು. ಭಾವ ಬಿಚ್ಚಿದ್ದು ಮರದ ಬಣ್ಣದ ಒಂದು ಪೆಟ್ಟಿಗೆಯನ್ನು. ಮೇಲೆ ಚದುರಂಗದ ಮನೆಗಳು, ಬದಿಯಲ್ಲಿ ಗುಂಡಿಗಳು, ಕೆಂಪು ಅಕ್ಷರ ಮೂಡುವ ಕಿಂಡಿ, ಜರಡಿಯಲ್ಲಿರುವಂಥ ತೂತುಗಳು. ಆ ತೂತುಗಳಿಂದ ಅದು ಇಂಗ್ಲಿಷಿನಲ್ಲಿ ಮಾತಾಡುತ್ತಿತ್ತು, ನೆಗಡಿ ಹಿಡಿದ ಸ್ಟೇಷನ್ ಮಾಸ್ತರರ ದನಿಯಲ್ಲಿ. ನಾವು ಯಾವ ಮನೆಯಿಂದ ಯಾವ ಮನೆಗೆ ಹೋಗುತ್ತೇವೆಂದು ಗುಂಡಿ ಒತ್ತಿ ತಿಳಿಸಬೇಕು. ಅದು ಯೋಚಿಸಿ ತನ್ನ ನಡೆ ಹೇಳುತ್ತದೆ. ಅದಕ್ಕೆ ಕೈ ಇಲ್ಲದ್ದರಿಂದ ಅದರ ಕಾಯಿಯನ್ನೂ ನಾವೇ ನಡೆಸಬೇಕು.

"ಇದರಲ್ಲಿ ಭಜನೆ ಬರ್ತದಾ?" ಎಂದು ಅತ್ತೆ ಕೇಳಿದರು. ಬರುವುದಿಲ್ಲ ಎಂದು ತಿಳಿದು ಒಳಗೆ ಹೋದರು.

ಭಾವ ಹೊರಟುಹೋದ ಮೇಲೆ ಮಾವ ಎರಡು ದಿನ ಪೆಟ್ಟಿಗೆಯ ಸುತ್ತ ಸುಳಿದಾಡಿದರು. ಇಂಗ್ಲಿಷ್ ಅಕ್ಷರ ಅವರಿಗೆ ಬಾರದು. ಮೂರನೆಯ ದಿನ ಅಡುಗೆಮನೆಯ ಬಾಗಿಲಿಗೆ ಬಂದು, ನನ್ನನ್ನಲ್ಲ, ಅಲ್ಲಿದ್ದ ಒಲೆಯನ್ನು ನೋಡುತ್ತ, "ಅವ ಎಂತ ಹೇಳ್ತಾನೆ ಅಂತ ಸ್ವಲ್ಪ ನೋಡ್ಬಹುದಾ?" ಎಂದರು. ನಾನು ಕಾಯಿ ತುರಿಯುವುದನ್ನು ಅಲ್ಲಿಗೇ ಬಿಟ್ಟು ಎದ್ದೆ. ನಿಜ ಹೇಳುವುದಾದರೆ, ಚದುರಂಗಕ್ಕಾಗಿ ಅಲ್ಲ. ಯಾರೋ ನನ್ನನ್ನು ಮಾತಿಗೆ ಕರೆದರಲ್ಲ ಎಂಬ ಸಂತೋಷಕ್ಕೆ.

ಹೀಗೆ ನಾನು ಪೆಟ್ಟಿಗೆಯ ಕೈಯೂ ಬಾಯಿಯೂ ಆದೆ. ಮೊದಲ ದಿನವೇ ಜಗಳ. ಪೆಟ್ಟಿಗೆ "ಇ-ಸೆವೆನ್, ಇ-ಫೈವ್" ಎಂದಿತು, ನಾನು ಅದರ ಕಾಲಾಳನ್ನು ಎರಡು ಮನೆ ಮುಂದಿಟ್ಟೆ.

"ಎರಡು ಮನೆ ಹಾರಿದ್ದು ಹೇಗೆ? ಕಾಲಾಳು ಒಂದೇ ಮನೆ ಹೋಗುದು!"

"ಅದು ಹಾಗೇ ಹೇಳಿದ್ದು ಮಾವ."

ಮಾವನದ್ದು ಹಳೆಯ ನಾಟಿ ಚದುರಂಗ. ಅದರಲ್ಲಿ ಕಾಲಾಳು ಒಂದೊಂದೇ ಹೆಜ್ಜೆ ಇಡಬೇಕು. ರಾಜ ಮಾತ್ರ ಇಡೀ ಆಟದಲ್ಲಿ ಒಮ್ಮೆ ಕುದುರೆಯ ಹಾಗೆ ನೆಗೆಯಬಹುದು. ಆ ನೆಗೆತವೇ ಮಾವನ ಬ್ರಹ್ಮಾಸ್ತ್ರ. ಸರಿಯಾದ ಹೊತ್ತು ನೋಡಿ ಅವರು ರಾಜನನ್ನು ನೆಗೆಸಿದರು. ನಾನು ಗುಂಡಿ ಒತ್ತಿದೆ. ಪೆಟ್ಟಿಗೆ ಬೀಪ್ ಎಂದಿತು. ಮತ್ತೆ ಒತ್ತಿದೆ. ಬೀಪ್.

"ಅವನಿಗೆ ಗೊತ್ತಿಲ್ಲದಿದ್ರೆ ನೀನು ಹೇಳು."

"ಹೇಗೆ ಹೇಳುದು ಮಾವ? ಅದಕ್ಕೆ ಕಿವಿ ಇಲ್ಲ."

"ಬಾಯಿ ಉಂಟು, ಕಿವಿ ಇಲ್ವಾ? ಹಾಗಾದ್ರೆ ಇವನನ್ನು ಪಂಚಾಯತಿಗೆ ನಿಲ್ಲಿಸ್ಬಹುದು."

ನಾನು ನಕ್ಕೆ. ಮಾವನೆದುರು ನಗಬಾರದೆಂಬುದು ನಕ್ಕ ಮೇಲೆ ನೆನಪಾಯಿತು. ಅವರು ಬೇರೆಲ್ಲೋ ನೋಡುವ ಹಾಗೆ ಮಾಡಿದರು, ಆದರೆ ಮೀಸೆಯ ಕೆಳಗೆ ಅವರೂ ನಕ್ಕದ್ದು ನನಗೆ ಕಂಡಿತು.

ನಾನು ಚೆಸ್ ಕಲಿತದ್ದು ಆ ಬೀಪಿನಿಂದಲೇ. ಮಧ್ಯಾಹ್ನ ಮಾವ ಮಲಗಿದಾಗ ಪೆಟ್ಟಿಗೆಯೆದುರು ಕುಳಿತು ಎಲ್ಲ ಕಾಯಿಗಳನ್ನೂ ಎಲ್ಲ ಕಡೆಗೂ ನಡೆಸಿ ನೋಡುತ್ತಿದ್ದೆ. ಬೀಪ್ ಎಂದರೆ ಕೂಡದು, ಸುಮ್ಮನಿದ್ದರೆ ಸರಿ. ಒಂಟೆ ಓರೆಗೆ ಮಾತ್ರ ಹೋಗುತ್ತದೆ, ಆನೆ ನೇರಕ್ಕೆ ಮಾತ್ರ, ಮಂತ್ರಿಗೆ ಎಲ್ಲ ಕಡೆಗೂ ದಾರಿ ಎಂದೆಲ್ಲ ತಿಳಿದದ್ದು ಹಾಗೆ. ಹೊಸ ಸೊಸೆಗೆ ಇದೇನೂ ಕಷ್ಟದ ಪಾಠವಲ್ಲ; ಗಂಡನ ಮನೆಯ ಕ್ರಮಗಳನ್ನೆಲ್ಲ ನಾನು ಕಲಿತದ್ದೂ ಇದೇ ಪದ್ಧತಿಯಲ್ಲಿ.

ಪೆಟ್ಟಿಗೆಗೆ ತರಗತಿಗಳಿದ್ದವು. ಒಂದನೆಯದು ಕಲಿಯುವವರಿಗೆ. "ಒಂದನೇ ಕ್ಲಾಸಿಗೆ ನಾನು ಹೋಗುದಾ? ಮೇಲಿನದ್ದು ಹಾಕು" ಎಂದರು ಮಾವ. ಹಾಕಿದೆ. ಪೆಟ್ಟಿಗೆ ಯೋಚಿಸತೊಡಗಿತು. ನಾವು ಊಟ ಮಾಡಿದೆವು. ಮಾವ ಒಂದು ನಿದ್ದೆ ತೆಗೆದರು. ಅಕ್ಕಿಯ ಲಾರಿ ಬಂದು ಮೂಟೆ ಇಳಿಸಿ ಹೋಯಿತು.

"ಸತ್ತಿತಾ?"

"ಇಲ್ಲ ಮಾವ, ಯೋಚನೆ ಮಾಡ್ತಾ ಉಂಟು."

"ಇಷ್ಟು ಯೋಚನೆ ಮಾಡುವವನ ಕೈಗೆ ಅಂಗಡಿ ಕೊಟ್ರೆ ಮುಳುಗಿಸ್ತಾನೆ" ಎಂದು ಅವರು ತರಗತಿ ಇಳಿಸಲು ಒಪ್ಪಿದರು. ಮಾನ ಉಳಿಯಲೆಂದು ನಡುವಿನ ಒಂದಕ್ಕೆ.

ನಡುವಿನದ್ದರಲ್ಲೂ ಪೆಟ್ಟಿಗೆ ಅವರ ರಾಜನನ್ನು ಮೂಲೆಗೆ ತಳ್ಳಿತು. ಮಾವ ರಸ್ತೆ ನೋಡಿದರು. ಬಸ್ಸು ನಿಜವಾಗಿಯೂ ಬಂತು, ಜನ ಇಳಿದರು, ಮಾವ ಎದ್ದರು. ಪೆಟ್ಟಿಗೆ ಮಾತ್ರ ಏಳಲಿಲ್ಲ. ಇಳಿದವರೆಲ್ಲರ ಎದುರು "ಯೂ ಲೂಸ್" ಎಂದು ಸಾರಿತು. ಅದರ ದನಿ ತಗ್ಗಿಸುವ ಗುಂಡಿ ಎಲ್ಲಿದೆಯೆಂದು ನಮಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

"ಎಂತ ಹೇಳ್ತದೆ?" ಮಾವ ಕೇಳಿದರು.

ಬಂದು ವರ್ಷವಾಗದ ಸೊಸೆ ಮಾವನಿಗೆ ಈ ಮಾತನ್ನು ಯಾವ ಬಾಯಿಂದ ಹೇಳಲಿ? "ಆಟ ಮುಗಿಯಿತು ಅಂತ ಹೇಳ್ತದೆ ಮಾವ" ಎಂದೆ.

"ನೀವು ಸೋತಿರಿ ಅಂತ ಹೇಳುದದು" ಎಂದರು ಆಟ ನೋಡುತ್ತಿದ್ದ ಕಬಕದ ಮಾಷ್ಟ್ರು. ಎಷ್ಟೋ ಕಾಲದಿಂದ ಹೇಳಬೇಕೆಂದು ಇಟ್ಟುಕೊಂಡದ್ದು ಕೊನೆಗೂ ಬಾಯಿಗೆ ಬಂದಿತ್ತು. ಎರಡು ಬಸ್ಸಿನ ಖರ್ಚು ವಸೂಲಾದ ಮುಖ ಅವರದ್ದು.

ಮಾವ ಒಂದು ಪ್ರಶ್ನೆ ಕೇಳಿದರು. "ಅವನೇ ಸೋತರೆ ಅವ ಎಂತ ಹೇಳ್ತಾನೆ?"

ಯಾರಿಗೂ ಗೊತ್ತಿರಲಿಲ್ಲ. "ಮಾಡಿದವನು ಅವನಿಗೆ ಆ ಮಾತು ಕಲಿಸಿರ್ಲಿಕ್ಕಿಲ್ಲ. ಕಲಿಸಿದ್ರೆ ಒಮ್ಮೆ ಕೇಳ್ಬೇಕು" ಎಂದರು ಮಾವ. ಆವತ್ತಿನಿಂದ ಇದೇ ಕುಂಬ್ರದ ಪ್ರಶ್ನೆಯಾಯಿತು. ಉಪ್ಪು ಕೊಳ್ಳಲು ಬಂದವರೂ "ಹೇಳಿತಾ?" ಎಂದು ವಿಚಾರಿಸಿ ಹೋಗುತ್ತಿದ್ದರು.

ಮಾವ ಹಠಕ್ಕೆ ಬಿದ್ದರು. ಒಮ್ಮೆಯಂತೂ ಪೆಟ್ಟಿಗೆಯ ಮಂತ್ರಿಯನ್ನು ತಿಂದು, ಎರಡು ಆನೆಗಳನ್ನು ರಾಜನ ಬುಡಕ್ಕೆ ತಂದಿದ್ದರು. ಆಗ ಕರೆಂಟು ಹೋಯಿತು. ಮತ್ತೆ ಬಂದಾಗ ಪೆಟ್ಟಿಗೆ ಹಿಂದಿನದ್ದೆಲ್ಲ ಮರೆತು, ಹೊಸದಾಗಿ ಪರಿಚಯವಾದವರ ಹಾಗೆ ನಮಸ್ಕಾರ ಹೇಳಿತು. ಮಾಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಸ್ಸು ಬಂತು ಅಂತ ಎದ್ದು ಹೋದ ಮಾರಾಯ್ರೆ! ನಿಮ್ಮ ಹತ್ತಿರವೇ ಕಲಿತದ್ದು!"

ಅದರ ಮರುದಿನ ಮಾವ ಹಳೆಯ ಮರದ ಮಣೆಯನ್ನು ತಂದು ನನ್ನೆದುರು ಇಟ್ಟರು. "ಅವನ ಕಾನೂನು ನಿನಗೆ ಗೊತ್ತುಂಟಲ್ಲ. ಕಲಿಸು" ಎಂದರು. ಮಾವನಿಗೆ ಸೊಸೆ ಪಾಠ ಹೇಳುವುದೆಂದರೇನು? ನಾನು ಅತ್ತೆಯ ಮುಖ ನೋಡಿದೆ. ಅತ್ತೆ "ಕಲಿಸು ಕಲಿಸು, ಕಲಿತರೆ ಒಳ್ಳೆಯದೇ" ಎಂದು ಬೆಲ್ಲ ತೂಗುತ್ತ ಹೇಳಿದರು. ರಾಜ ನೆಗೆದಾಗಲೆಲ್ಲ ನಾನು ಬಾಯಲ್ಲೇ "ಬೀಪ್" ಎನ್ನುತ್ತಿದ್ದೆ. ಮೊದಲು ಹೆದರಿ ಹೆದರಿ, ಆಮೇಲೆ ಧಾರಾಳವಾಗಿ. ಆಟದ ಬಿಸಿಯಲ್ಲಿ ಮಾವ ಯಾವಾಗ ಕನ್ನಡ ಬಿಟ್ಟು ತುಳುವಿಗೆ ಬಂದರೋ, ನಾನು ಯಾವಾಗ ನನ್ನ ಸೊಟ್ಟ ತುಳುವಿನಲ್ಲೇ ಎದುರುತ್ತರ ಕೊಡತೊಡಗಿದೆನೋ, ಇಬ್ಬರೂ ಗಮನಿಸಲಿಲ್ಲ. ಆ ಮಧ್ಯಾಹ್ನಗಳಷ್ಟು ಸುಖ ಆ ಮನೆಯಲ್ಲಿ ಅದಕ್ಕಿಂತ ಮೊದಲು ನಾನು ಕಂಡಿರಲಿಲ್ಲ.

ಕೊನೆಗೆ ಒಂದು ಭಾನುವಾರ, ಮಾಷ್ಟ್ರ ಒತ್ತಾಯಕ್ಕೆ ಒಂದನೇ ತರಗತಿಗೇ ಇಳಿದು, ಮಾವ ಪೆಟ್ಟಿಗೆಯನ್ನು ಕಟ್ಟಿಹಾಕಿದರು. ಸುಳ್ಯದ ಬಸ್ಸಿನ ಕಂಡಕ್ಟರನೂ ಇಳಿದು ಬಂದು ನಿಂತಿದ್ದ. ಕೊನೆಯ ನಡೆಯ ಗುಂಡಿ ಒತ್ತುವಾಗ ಕರೆಂಟು ಹೋಗದಿರಲಿ ಎಂದು ನಾನು ಮನಸ್ಸಿನಲ್ಲೇ ಹರಕೆ ಹೊತ್ತೆ. ಪೆಟ್ಟಿಗೆ ಕಿಂಡಿಯಲ್ಲಿ ಕೆಂಪು ಅಕ್ಷರ ಮೂಡಿಸಿತು. ಆಮೇಲೆ "ಐ ಲೂಸ್" ಎಂದಿತು.

ಎಲ್ಲರೂ ಚಪ್ಪಾಳೆ ಹೊಡೆದರು. ಮಾವ ಹೊಡೆಯಲಿಲ್ಲ.

"ಇಷ್ಟೇಯಾ?"

"ಅಷ್ಟೇ ಮಾವ. ಸೋತೆ ಅಂತ ಹೇಳಿತು."

"ಗೆದ್ದಾಗ ಹೇಳಿದ ಸ್ವರದಲ್ಲೇ ಹೇಳಿತಲ್ಲ! ಅದಕ್ಕೆ ಏನೂ ಆಗ್ಲಿಲ್ವಾ?"

"ಅದಕ್ಕೆ ಎಂತ ಆಗುದು ಮಾವ?"

ಅವರು ಪೆಟ್ಟಿಗೆಯನ್ನು ತುಂಬ ಹೊತ್ತು ನೋಡುತ್ತ ಕುಳಿತರು. ತಾನು ಇಷ್ಟು ದಿನ ಇದಕ್ಕಾಗಿ ಒದ್ದಾಡಿದ್ದಾ ಎಂಬ ಬೇಸರವೋ, ಸೋತೆ ಎನ್ನುವುದು ಇಷ್ಟು ಸುಲಭವೋ ಎಂಬ ಆಶ್ಚರ್ಯವೋ, ನನಗೆ ತಿಳಿಯಲಿಲ್ಲ. ಆಮೇಲೆ ಅವರು ಅದರ ಜತೆ ಆಡಿದ್ದು ಕಡಿಮೆ. ನನ್ನ ಜತೆಯೇ ಆಡುತ್ತಿದ್ದರು.

ಕೆಲವು ವಾರ ಕಳೆದು ಒಂದು ಮಧ್ಯಾಹ್ನ, ನನ್ನ ಮಂತ್ರಿಯೂ ಕುದುರೆಯೂ ಹೇಗೋ ಸೇರಿಕೊಂಡು ಅವರ ರಾಜನಿಗೆ ದಾರಿಯಿಲ್ಲದಂತೆ ಮಾಡಿದವು. ನನಗೇ ಗಾಬರಿಯಾಯಿತು. ಮಂತ್ರಿಯನ್ನು ಹಿಂದೆ ತೆಗೆದುಕೊಳ್ಳಲೇ ಎಂದು ಕೈ ಚಾಚಿದೆ. ಮಾವ "ಬೀಪ್" ಎಂದರು. ಆಮೇಲೆ ರಸ್ತೆಯನ್ನು ನೋಡಿದರು. ಬಸ್ಸು ಇರಲಿಲ್ಲ. ಗೆರಸೆಯನ್ನು ನೋಡಿದರು. ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಗಂಟಲು ಸರಿಮಾಡಿಕೊಂಡು, "ಸೋತೆ ಮಗಾ" ಎಂದರು.

ಅಂಗಡಿಯಲ್ಲಿ ತಕ್ಕಡಿಯ ಸದ್ದು ನಿಂತಿತು. ಅತ್ತೆ ಕೈಯಲ್ಲಿ ತೂಕದ ಕಲ್ಲು ಹಿಡಿದುಕೊಂಡೇ ಬಂದರು. "ಎಂತ ಹೇಳಿದ್ದು? ನನಗೆ ಕೇಳ್ಲಿಲ್ಲ. ಇನ್ನೊಮ್ಮೆ ಹೇಳಿ."

ಅವರಿಗೆ ಚೆನ್ನಾಗಿಯೇ ಕೇಳಿಸಿತ್ತು. ಮಾವನಿಗೂ ಅದು ಗೊತ್ತು. ಆದರೂ ಅವರು ಅತ್ತೆಯ ಮುಖ ನೋಡಿ, ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, "ಸೋತೆ ಅಂತ ಹೇಳಿದ್ದು" ಎಂದರು. ಅತ್ತೆ ಒಳಗೆ ಹೋಗಿ ಮೂವರಿಗೂ ಚಹ ಮಾಡಿ ತಂದರು. ಅವರ ಕಣ್ಣು ಒದ್ದೆಯಾಗಿತ್ತು, ನನ್ನದೂ.

ಇಷ್ಟನ್ನು ನಾನು ಸೊಸೆಗೆ ಹೇಳಿ ಮುಗಿಸುವಾಗ ನಾವು ಮನೆಗೆ ಮರಳುವ ಬಸ್ಸಿನಲ್ಲಿದ್ದೆವು. ಅವಳಿಗೆ ಚೆಸ್ಸಿನ ಗಂಧವಿಲ್ಲ. ಸೀರೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು: "ಅವರು ಬೇಕೂಂತಲೇ ಸೋತದ್ದಾ ಅತ್ತೆ?"

ಇಷ್ಟು ವರ್ಷದಲ್ಲಿ ಈ ಯೋಚನೆ ನನಗೆ ಬಂದದ್ದೇ ಇಲ್ಲ. "ಖಂಡಿತ ಅಲ್ಲ! ನಾನು ಗೆದ್ದದ್ದು!" ಎಂದೆ. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ. ಮಂತ್ರಿ ಎಲ್ಲಿತ್ತು, ಕುದುರೆ ಎಲ್ಲಿಂದ ಬಂತು ಎಂದು ಸೀರೆಯ ಚೀಲದ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದೆ. ಜೀವಮಾನವಿಡೀ ಚದುರಂಗ ಆಡಿದವರಿಗೆ ಆ ಕುದುರೆ ಬರುವುದು ಕಾಣದೆ ಇರಲು ಸಾಧ್ಯವೇ ಎಂದು ನನಗೇ ಒಳಗೊಳಗೆ ಅನಿಸತೊಡಗಿತು. ಅನಿಸಿದಷ್ಟೂ ನನ್ನ ವಾದ ಜೋರಾಯಿತು. ಅವರು ನೋಡಲಿಲ್ಲ, ನೋಡಿದ್ದರೆ ಬಿಡುವವರಲ್ಲ, ನಿನಗೆ ಆಟ ಗೊತ್ತಿಲ್ಲ ಎಂದೆಲ್ಲ ಹೇಳಿದೆ. ಹೌದು, ಇರಬಹುದು ಎಂಬ ಒಂದು ಮಾತು ಗಂಟಲಿನವರೆಗೆ ಬಂದು ಅಲ್ಲೇ ಕುಳಿತಿತ್ತು. ಆ ಮಧ್ಯಾಹ್ನ ಮಾವನಿಗೆ ಎಷ್ಟು ಕಷ್ಟವಾಗಿತ್ತೆಂದು ನನಗೆ ಸರಿಯಾಗಿ ತಿಳಿದದ್ದು ಆ ಬಸ್ಸಿನಲ್ಲಿ, ನನ್ನ ಈ ಪ್ರಾಯದಲ್ಲಿ.

ಕುಂಬ್ರ ಬಂತು. ಇಳಿಯುವಾಗ ಸೊಸೆ ನನ್ನ ಕೈಹಿಡಿದು, "ಆಯ್ತು ಅತ್ತೆ, ನಾನು ಸೋತೆ. ನೀವೇ ಗೆದ್ದದ್ದು" ಎಂದಳು. ಎಷ್ಟು ಸಲೀಸಾಗಿ ಹೇಳಿದಳೆಂದರೆ, ಇವಳೂ ಬೇಕೆಂದೇ ಸೋತಳೇನೋ ಎಂದು ಆವತ್ತಿನಿಂದ ನನಗೆ ಅನುಮಾನ.