ಕ್ಯಾತ್ಸಂದ್ರದ ಟೀವಿಯಲ್ಲಿ ಅಮೆರಿಕದ ಸಮಾವೇಶ

ಬೆಂಗಳೂರಿನಿಂದ ಗುಬ್ಬಿಗೆ ಹೊರಟವನು ತಟ್ಟೆ ಇಡ್ಲಿಗೆಂದು ಕ್ಯಾತ್ಸಂದ್ರದಲ್ಲಿ ಇಳಿದೆ. ಹೋಟೆಲಿನ ಟೀವಿಯಲ್ಲಿ ಅಮೆರಿಕದ ಅಧ್ಯಕ್ಷೀಯ ಚುನಾವಣೆಗಾಗಿ ಒಂದು ಪಕ್ಷ ನಡೆಸುತ್ತಿದ್ದ ಸಮಾವೇಶ ಬರುತ್ತಿತ್ತು. ಅಭ್ಯರ್ಥಿ ಯಾರೆಂದು ಮೊದಲೇ ಗೊತ್ತಿದ್ದರೂ ಜನ ಈಗಷ್ಟೇ ತಿಳಿದವರಂತೆ ಕುಣಿಯುತ್ತಿದ್ದರು. ಎದುರಿಗೆ ಕೂತ ಗೌರಮ್ಮ ಎಂಬ ಹೆಂಗಸು ಇಡ್ಲಿ ಮರೆತು ಅದನ್ನೇ ನೋಡುತ್ತಿದ್ದರು. ಅವರು ಗುಬ್ಬಿ ಕಡೆಯಿಂದ ಇಲ್ಲಿನ ಪಕ್ಷವೊಂದರ ಬಸ್ಸಿನಲ್ಲಿ, ಅದರ ಬಾವುಟ ಹಿಡಿದು, ಬೆಂಗಳೂರಿನ ಇಂಥದೇ ಸಮಾವೇಶಕ್ಕೆ ಹೊರಟವರು.

ಟೀವಿಯ ವೇದಿಕೆಯಲ್ಲಿ ಒಬ್ಬ ಹೆಂಗಸು ಮಾತಾಡತೊಡಗಿದಳು.

"ಅವ್ಳು ಮಂತ್ರೀನಾ?" ಗೌರಮ್ಮ ಕೇಳಿದರು.

"ಅಲ್ಲಮ್ಮ, ನರ್ಸಂತೆ. ಪಕ್ಷದೋರು ಬರ್ಕೊಟ್ಟಿದ್ದನ್ನ ಓದ್ತಿರ್ಬೋದು," ಎಂದೆ.

"ಓದ್ಲಿ ಬುಡಪ್ಪ. ಮೈಕ್ ಆದ್ರೂ ಕೊಟ್ಟವ್ರಲ್ಲ."

ಅಷ್ಟರಲ್ಲಿ ಪಕ್ಷದ ಮುಖಂಡ ಬಸ್ಸು ಹೊರಡುತ್ತದೆಂದು ಕರೆಯಲು ಬಂದ.

"ನಮ್ಮೂರ್ ಆಸ್ಪತ್ರೇಲಿ ಡಾಕ್ಟ್ರಿಲ್ಲ ಅಂತ ನಾನೂ ಅಲ್ಲಿ ಮೈಕಲ್ಲಿ ಹೇಳ್ಬೋದೇನಪ್ಪ?" ಎಂದರು ಗೌರಮ್ಮ.

ಅವನು ನಕ್ಕ. "ನೀವು ಬಾವುಟ ಬೀಸಿದ್ರೆ ಸಾಕು ಕಣಮ್ಮ."

ಗೌರಮ್ಮ ಬಾವುಟವನ್ನು ಅವನ ಕೈಗೇ ಕೊಟ್ಟು, ಇಡ್ಲಿ ತಿನ್ನತೊಡಗಿದರು. ಪಕ್ಷದ ಬಸ್ಸು ಅವರನ್ನು ಬಿಟ್ಟು ಹೋಯಿತು.

ಗುಬ್ಬಿ ಬಸ್ಸಿನಲ್ಲಿ ಅವರು ನನ್ನ ಪಕ್ಕದಲ್ಲೇ ಕೂತರು. ಮನೆಗೆ ವಾಪಸ್ಸೇ ಎಂದು ಕೇಳಿದೆ.

"ಇಲ್ಲ ಕಣಪ್ಪ, ತಾಲ್ಲೂಕಾಫೀಸ್ಗೆ ಹೋಯ್ತೀನಿ. ಅಲ್ಲಿ ಮಾತಾಡಕ್ಕೆ ಮೈಕ್ ಬೇಕಾಗಿಲ್ಲ."