ಸೀಲಿನೊಳಗೆ ಉಳಿದ ಬೆಕ್ಕು

ಬೆಕ್ಕು ಒಳಗೇ ಉಳಿಯಿತೇ?

ಮಗುವಿಗೆ ಉಣಿಸುತ್ತಿದ್ದ ವಕೀಲಮ್ಮನ ಕೈ ಅರ್ಧಕ್ಕೇ ನಿಂತಿತು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಹಿಂದಿರುಗುವ ಹೆಂಗಸು ಆಕೆ. ಆದರೆ ಇದು ಗ್ಯಾಸಲ್ಲ, ಜೀವ.

ಒಂದು ಸೋಫಾ ಅಂಗಡಿಗಾಗಿ ಇಬ್ಬರು ಅಣ್ಣತಮ್ಮಂದಿರು ಕೋರ್ಟು ಹತ್ತಿದ್ದರು. ತೀರ್ಪು ಬರುವವರೆಗೆ ಇಬ್ಬರೂ ಒಳಗೆ ಕಾಲಿಡುವಂತಿಲ್ಲ ಎಂದ ನ್ಯಾಯಾಧೀಶರು ಆಕೆಯನ್ನು ತಾತ್ಕಾಲಿಕ ರಿಸೀವರ್ ಮಾಡಿ ಅಂಗಡಿಯನ್ನು ಆಕೆಯ ವಶಕ್ಕೆ ಕೊಟ್ಟಿದ್ದರು. ಮೊದಲ ನೇಮಕ. "ಬೀಗ ಹಾಕು, ಅರಗಿನ ಮೇಲೆ ಮುದ್ರೆ ಒತ್ತು, ಮರೆತುಬಿಡು," ಎಂದಿದ್ದರು ಸೀನಿಯರ್. ಮರೆಯುವುದೊಂದೇ ಆಕೆಗೆ ಬಾರದ ವಿದ್ಯೆ.

ಬೆಳಿಗ್ಗೆ ಬೀಗ ಹಾಕುವಾಗ ಅಣ್ಣ ತಮ್ಮನ ಕೈ ಕಾಯುತ್ತಿದ್ದ, ತಮ್ಮ ಅಣ್ಣನ ಜೇಬು ಕಾಯುತ್ತಿದ್ದ, ಆಕೆ ಇಬ್ಬರನ್ನೂ ಕಾಯುತ್ತಿದ್ದಳು. ಸೋಫಾದ ಮೇಲೆ ಮಲಗಿದ್ದ ಬೂದು ಬೆಕ್ಕನ್ನು ಕಾದವರಿಲ್ಲ.

"ಗ್ಯಾಸ್ ಮುಗೀತು, ಈಗ ಬೆಕ್ಕು ಶುರುವಾಯ್ತಾ?" ಅತ್ತೆ ನಕ್ಕರು. "ಹೋಗಿ ನೋಡ್ಕೊಂಡು ಬಾರಮ್ಮ. ಇಲ್ದಿದ್ರೆ ನಮ್ಮನ್ನೂ ಕೂರೋಕೆ ಬಿಡಲ್ಲ ನೀನು."

ಮಗುವನ್ನು ಸೊಂಟಕ್ಕೇರಿಸಿಕೊಂಡು ಹೋಗಿ ಅಂಗಡಿಯ ಶಟರ್‌ಗೆ ಕಿವಿಯಿಟ್ಟಳು. ಸದ್ದಿಲ್ಲ. ಅತ್ತಿತ್ತ ನೋಡಿ, ನಾಚಿಕೆ ನುಂಗಿಕೊಂಡು, "ಮಿಯಾಂವ್" ಎಂದಳು. ಮಗು ಅದನ್ನೇ ಇನ್ನೂ ಜೋರಾಗಿ ಹೇಳಿತು. ಒಳಗಿನಿಂದ ಮೂರನೆಯ ದನಿ ಸಣ್ಣಗೆ ಕೇಳಿತು.

ಎದುರಿನ ಟೀ ಅಂಗಡಿಯಲ್ಲಿ ಕಾವಲು ಕೂತಿದ್ದ ಅಣ್ಣ ಓಡಿಬಂದ. "ನೋಡಿದ್ರಾ ಮೇಡಂ! ಬಾಗಿಲು ತೆಗೆಸೋಕೆ ನನ್ನ ತಮ್ಮನೇ ತನ್ನ ಬೆಕ್ಕನ್ನ ಒಳಗೆ ಬಿಟ್ಟಿದ್ದಾನೆ!"

ಅದೇ ಅಂಗಡಿಯ ಇನ್ನೊಂದು ಬೆಂಚಿನಿಂದ ತಮ್ಮ ಎದ್ದ. "ದಿನಾ ಹಾಲು ಹಾಕೋನು ನೀನು! ಬೆಕ್ಕು ನಿಂದೇ!"

"ನಿಂದು!"

ಒಳಗಿನ ಒಂದೊಂದು ಸ್ಟೂಲಿಗೂ ನನ್ನದು ನನ್ನದು ಎಂದು ಜಗ್ಗಾಡಿದವರು ಬೆಕ್ಕನ್ನು ಮಾತ್ರ ಧಾರಾಳವಾಗಿ ಬಿಟ್ಟುಕೊಡುತ್ತಿದ್ದರು.

ಬೀಗದ ಕೈ ಆಕೆಯ ಚೀಲದಲ್ಲೇ ಇತ್ತು. ಅಪ್ಪಣೆಯಿಲ್ಲದೆ ಮುದ್ರೆ ಒಡೆದರೆ ನೇಮಕ ಹೋಗುತ್ತದೆ. ಅಪ್ಪಣೆ ಕೇಳಿದರೆ, ಬೀಗ ಹಾಕಲೂ ಬಾರದವಳು ಎಂದು ಮಾನ ಹೋಗುತ್ತದೆ. ಸುಮ್ಮನಿದ್ದರೆ ಬೆಕ್ಕೇ ಹೋಗುತ್ತದೆ.

ಮಗು ಶಟರ್ ತಟ್ಟುತ್ತಾ ಅಳತೊಡಗಿತು. ಆಕೆ ಕೋರ್ಟಿನ ಶಿರಸ್ತೇದಾರರಿಗೆ ಫೋನ್ ಹಚ್ಚಿದಳು.

"ಸರ್, ಬೆಳಿಗ್ಗೆ ಹಾಕಿದ ಸೀಲ್ ಒಡೆಯೋಕೆ ಜಡ್ಜ್ ಸಾಹೇಬರ ಅಪ್ಪಣೆ ಬೇಕಿತ್ತು. ಒಳಗೊಂದು ಜೀವ ಉಳಿದುಬಿಟ್ಟಿದೆ. ಬೀಗ ಹಾಕೋವಾಗ ನಾನೇ ನೋಡ್ಲಿಲ್ಲ."

"ಅಯ್ಯೋ! ಯಾರಮ್ಮ, ವಾದಿನಾ, ಪ್ರತಿವಾದಿನಾ?"

"ಅವರಿಬ್ಬರೂ ಹೊರಗೇ ಜಗಳ ಆಡ್ತಿದ್ದಾರೆ ಸರ್. ಒಳಗಿರೋದು ಬೆಕ್ಕು."

ಫೋನಿನ ಆಚೆ ಯಾರೋ ನಕ್ಕರು, ಏನೋ ಪಿಸುಮಾತು. ಮತ್ತೆ ಶಿರಸ್ತೇದಾರರ ದನಿ: "ಇಬ್ಬರ ಎದುರಿಗೇ ತೆಗೆದು, ಮತ್ತೆ ಸೀಲ್ ಮಾಡ್ಬೇಕಂತೆ. ಬೆಕ್ಕನ್ನ ಯಾರ ವಶಕ್ಕೆ ಕೊಡ್ತೀರಿ ಅಂತ ಸಾಹೇಬರು ಕೇಳ್ತಿದ್ದಾರೆ."

ಆಕೆ ಅಣ್ಣನನ್ನು ನೋಡಿದಳು. ಅವನು ಆಕಾಶ ನೋಡಿದ. ತಮ್ಮನನ್ನು ನೋಡಿದಳು, ಅವನು ಚಪ್ಪಲಿ ನೋಡಿಕೊಂಡ.

"ತೀರ್ಪು ಬರೋವರೆಗೆ ನನ್ನ ವಶಕ್ಕೇ ಸರ್."