ಟೇಬಲ್ ಮಾಡಿದಾರಂತೆ

ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವಳು ಅನ್ನೋ ಜಂಭ ನನಗೆ ಚಿಕಾಗೋಗೆ ಬಂದ ಮೇಲೂ ಇಳಿದಿರಲಿಲ್ಲ. ನಮ್ಮೆಜಮಾನರು ಎಂಜಿನಿಯರು. ಲೆಕ್ಕದಲ್ಲಿ ಹುಲಿ, ಇಂಗ್ಲಿಷ್ ಅಂದರೆ ಅಳುಕು. ಒಂದು ಮೇಲ್ ಕಳಿಸಬೇಕಾದರೂ "ಒಂದ್ಸಲ ನೋಡೇ" ಅಂತ ನನ್ನ ಮುಂದೆ ತಂದಿಡೋರು. ನಾನೂ ದೊಡ್ಡ ಮೇಡಂ ಥರ ತಿದ್ದಿ ಕೊಡ್ತಿದ್ದೆ.

ರಿಸೆಶನ್ ಕಾಲ ಅದು. ಚಿಕಾಗೋ ಪಕ್ಕದ ಲಿಸ್ಲ್‌ನ ಆಫೀಸಿನಲ್ಲಿ ಇವರದು ಕಾಂಟ್ರಾಕ್ಟ್ ಕೆಲಸ. ದಿನಾ ಯಾರಾದರೊಬ್ಬರು ಕೆಲಸ ಕಳಕೊಂಡು ರಟ್ಟಿನ ಡಬ್ಬಕ್ಕೆ ಸಾಮಾನು ತುಂಬಿಕೊಂಡು ಹೊರಡೋರು. ಅಂಥದ್ದರಲ್ಲಿ ಡೆಟ್ರಾಯಿಟ್ ಕಡೆಯ ಒಂದು ಕಂಪನಿ, ಪರ್ಮನೆಂಟ್ ಕೆಲಸ ಕೊಡ್ತೀವಿ, ಶುಕ್ರವಾರದೊಳಗೆ ಹೇಳಿ ಅಂತು. ಇಲ್ಲೇ ಪರ್ಮನೆಂಟ್ ಮಾಡ್ತೀರಾ ಅಂತ ಇವರು ತಮ್ಮ ಬಾಸ್‌ನ ಕೇಳಿದರು. ಮನೆಗೆ ಬಂದು, "ಮೀಟಿಂಗಿನಲ್ಲಿ ನನ್ನ ವಿಷಯ ಟೇಬಲ್ ಮಾಡಿದಾರಂತೆ ಕಣೇ. ಆದರೆ ಅವನ ಮುಖ ಯಾಕೋ ಸಪ್ಪಗಿತ್ತು," ಅಂದರು.

"ಅಯ್ಯೋ ರಾಮ, ಮುಖ ಯಾಕೆ ನೋಡ್ತೀರಿ, ಮಾತು ಕೇಳಿ! ವಿಧಾನಸಭೇಲಿ ಮಸೂದೆ ಟೇಬಲ್ ಮಾಡಲ್ವಾ? ಮಂಡಿಸಿದಾರೆ ಅಂತ. ಇನ್ನೇನು, ಆದಂಗೇ. ಡೆಟ್ರಾಯಿಟ್‌ಗೆ ಬೇಡ ಅಂತ ಬರೀರಿ." ಆ ಮೇಲನ್ನೂ ನಾನೇ ತಿದ್ದಿ ಕೊಟ್ಟೆ.

ಭಾನುವಾರ ಲೆಮಾಂಟ್ ದೇವಸ್ಥಾನದಲ್ಲಿ ಯುಗಾದಿ ಕಾರ್ಯಕ್ರಮದ ಮೀಟಿಂಗು. ನಾಟಕ ಬೇಕೋ ಬೇಡವೋ ಅಂತ ಜಗಳ ಹತ್ತಿ, ಒಬ್ಬ ಅಂಕಲ್ "ಇದನ್ನ ಟೇಬಲ್ ಮಾಡೋಣ" ಅಂದರು. ಎಲ್ಲರೂ ಎದ್ದು ಊಟಕ್ಕೆ ಹೊರಟರು!

"ಟೇಬಲ್ ಮಾಡಿ ಎದ್ದು ಹೋದರೆ ಮಾತಾಡೋರು ಯಾರು?" ಅಂದೆ.

ಆಂಟಿಯೊಬ್ಬರು ನಕ್ಕುಬಿಟ್ಟರು. "ಇದು ಅಮೆರಿಕಾ ಕಣಮ್ಮ. ನಮ್ಮಲ್ಲಿ ಮೇಜಿನ ಮೇಲಿಡೋದು ಚರ್ಚೆಗೆ. ಇವರು ಮೇಜಿನ ಮೇಲಿಟ್ಟು ಅಲ್ಲೇ ಬಿಟ್ಟು ಹೋಗ್ತಾರೆ. ಟೇಬಲ್ ಅಂದರೆ ಇಲ್ಲಿ ಸದ್ಯಕ್ಕೆ ಬೇಡ ಅಂತ."

ಪುಳಿಯೋಗರೆ ತಟ್ಟೆ ಹಿಡಿದು ಇವರು ಪಕ್ಕದಲ್ಲೇ ನಿಂತಿದ್ದರು. ನನ್ನನ್ನ ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮನೆಗೆ ಬಂದವಳೇ, ಆಂಟಿ ಹೇಳಿದ್ದು ಸುಳ್ಳಾಗಲಿ ಅಂತ ಡಿಕ್ಷನರಿ ತೆಗೆದೆ. ಎರಡು ಅರ್ಥವೂ ಅದರಲ್ಲಿದ್ದವು, ಎರಡೂ ಹುಟ್ಟಿದ್ದು ಸಭೆಯ ಅದೇ ಮೇಜಿನಿಂದ. ನಾನು ಎಂ.ಎ.ಗೆ ಓದಿದ್ದು ಒಂದೇ.

ಇವರು ಡೆಟ್ರಾಯಿಟ್‌ಗೆ ಮತ್ತೆ ಬರೆದರು. ಅಷ್ಟರಲ್ಲಿ ಅವರು ಬೇರೆಯವರನ್ನ ತಗೊಂಡಾಗಿತ್ತು. ಮುಂದಿನ ತಿಂಗಳು ಇವರೂ ಲಿಸ್ಲ್‌ನಿಂದ ರಟ್ಟಿನ ಡಬ್ಬ ಹಿಡಕೊಂಡು ಬಂದರು. ಕೈಗೆ ಬಂದ ತುತ್ತು ಬಾಯಿಗೆ ಬರದಂಗೆ ಮಾಡಿದವಳು ನಾನು. ಬೈಯಲಿ, ಒಂದು ಮಾತಾದರೂ ಚುಚ್ಚಲಿ ಅಂತ ಕಾಯ್ತಾ ಕೂತೆ. ಇವರು ಸ್ಕೋಕಿ ಅನ್ನೋ ಊರಿನ ಯಾವುದೋ ಕೆಲಸಕ್ಕೆ ಅರ್ಜಿ ಬರೆದು, ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟರು.

"ಒಂದ್ಸಲ ನೋಡೇ."

ಅವತ್ತು ಒಂದೊಂದು ಪದಾನೂ ಡಿಕ್ಷನರೀಲಿ ನೋಡಿದೆ. ಒಂದನೇ ಕ್ಲಾಸಿನಿಂದ ಗೊತ್ತಿದ್ದ ಪದಗಳನ್ನೂ ಬಿಡಲಿಲ್ಲ.